ಕಿವಿಯೊಳಗೆ ಜೀರುಂಡೆ ಸದ್ದಾ? ದವಡೆ, ಕುತ್ತಿಗೆ ಕಡೆಗೂ ಗಮನ ಕೊಡಿ

ಮೂಡಿಗೆರೆ ಕಡೆಯವರಿಗೆ ಜೀರುಂಡೆ ಸದ್ದು ಹೊಸದಲ್ಲ. ಅದು ಕಿವಿಯೊಳಗೇ ಕೂತರೆ ಎಂಥ ಹಿಂಸೆ ಅಂತ ಎರಡು ವರ್ಷದಿಂದ ಅನುಭವಿಸಿದ್ದೇನೆ. ಒಮ್ಮೆ ಹಲ್ಲು ಬಿಗಿಯಾಗಿ ಕಚ್ಚಿ ನೋಡಿ, ಕತ್ತನ್ನು ನಿಧಾನಕ್ಕೆ ಎರಡೂ ಕಡೆ ತಿರುಗಿಸಿ. ಸದ್ದು ಏರಿದರೆ ಅಥವಾ ಇಳಿದರೆ ದವಡೆ, ಕುತ್ತಿಗೆಯ ನಂಟು ಇರಬಹುದು. ಅಲ್ಲಿನ ನರಗಳ ಸಂದೇಶ ಮಿದುಳಿನ ಬುಡದಲ್ಲಿ ಕಿವಿಯ ನರದ ದಾರಿಗೇ ಸೇರುತ್ತದೆ. ಇದನ್ನು ಕಿವಿ ಡಾಕ್ಟರಿಗೆ ಮರೆಯದೆ ಹೇಳಿ.

ನನಗೆ ಹೆಚ್ಚು ಉಪಯೋಗವಾಗಿದ್ದು ಎಲೆಅಡಿಕೆ ಬಿಟ್ಟಿದ್ದು. ದಿನವಿಡೀ ಅಗಿದು ದವಡೆಗೆ ಬಿಡುವೇ ಇರಲಿಲ್ಲ. ಈಗ ತುಟಿ ಮುಚ್ಚಿದ್ದರೂ ಹಲ್ಲಿಗೆ ಹಲ್ಲು ತಾಗದಂತೆ ಇಟ್ಟುಕೊಳ್ಳುತ್ತೇನೆ. ಮೊದಮೊದಲು ನೆನಪೇ ಉಳಿಯುತ್ತಿರಲಿಲ್ಲ, ಮೊಬೈಲ್ ಹಿಂದೆ ಚೀಟಿ ಅಂಟಿಸಿದ್ದೆ. ರಾತ್ರಿ ದವಡೆಗೆ 10 ನಿಮಿಷ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ. ಮಳೆಗಾಲದಲ್ಲಿ ಹೆಂಚಿನ ಮೇಲಿನ ಮಳೆ ಸದ್ದಿಗೇ ನಿದ್ದೆ ಬರುತ್ತೆ, ಬೇಸಿಗೆಯಲ್ಲಿ ಫ್ಯಾನ್ ಹಾಕಿ. ಕ್ಷೌರದಂಗಡಿಯಲ್ಲಿ ಕುತ್ತಿಗೆ ನೆಟಿಕೆ ತೆಗೆಸಿಕೊಳ್ಳೋದು ಮಾತ್ರ ದಯವಿಟ್ಟು ಬೇಡ, ರಕ್ತನಾಳಕ್ಕೆ ಪೆಟ್ಟಾಗಬಹುದು.

ಒಂದೇ ಕಿವಿಯಲ್ಲಿ ಸದ್ದು, ಅಥವಾ ನಾಡಿಬಡಿತದ ಜೊತೆಗೇ ಸದ್ದು ಬಂದರೆ ಬೇಗ ತೋರಿಸಿ. ದಿಢೀರನೆ ಕಿವಿ ಕೇಳಿಸದೆ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆಗೆ ಇಡಬೇಡಿ.