ಮಳೆಗಾಲದಲ್ಲಿ ಸೊನ್ನೆ ಲೀಟರ್

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಒಂದು ಮೀನುಗಾರರ ಕೇರಿ ಇದೆ. ಮಾರ್ಚ್ ಬಂತೆಂದರೆ ಅಲ್ಲಿನ ಬಾವಿ ನೀರು ಉಪ್ಪು. ಮೇ ತಿಂಗಳಲ್ಲಿ ಆ ನೀರಲ್ಲಿ ಬೇಳೆಯೂ ಬೇಯುವುದಿಲ್ಲ. 2018ರಲ್ಲಿ ಒಂದು ಕಂಪನಿಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡಲ್ಲಿ ಅಲ್ಲಿ ಕುಡಿಯುವ ನೀರಿನ ಘಟಕ ಹಾಕಿಸಿದ್ದು ನಾವೇ, ಅಂದರೆ ನಾನಿರುವ ಸಣ್ಣ ಸಂಸ್ಥೆ. ಎರಡು ವರ್ಷ ತುಂಬುವ ಮೊದಲೇ ಅದು ನಿಂತಿತು. ಅರ್ಧ ತಪ್ಪು ನಮ್ಮದೇ.

ಫೆಬ್ರವರಿ ಕೊನೆಗೆ ಕಂಪನಿಯಿಂದ ಫೋನ್ ಬಂದಿತ್ತು. ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕಂತೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಹಾಕಬೇಕಲ್ಲ, ವರ್ಷದ ಕೊನೆಗೆ ಎಲ್ಲರಿಗೂ ಅವಸರ. ನಾವೂ ಹೂಂ ಅಂದೆವು. ಟಚ್‌ಸ್ಕ್ರೀನ್ ಬಂತು, ಸ್ಮಾರ್ಟ್ ಕಾರ್ಡ್ ಬಂತು. ದಿನಕ್ಕೆ ಎಷ್ಟು ಲೀಟರ್ ಹೋಯಿತು ಅಂತ ಬೆಂಗಳೂರಲ್ಲಿ ಕೂತು ನೋಡಲು ಒಂದು ಸಿಮ್ಮೂ ಬಂತು. ರಿಬ್ಬನ್ ಕತ್ತರಿಸಿದ ಫ್ಲೆಕ್ಸ್ ಮಾತ್ರ ಬಹಳ ದಿನ ಬಾಳಿಕೆ ಬಂತು, ಮಳೆಗಾಲಕ್ಕೆ ಒಬ್ಬರ ಸೌದೆ ಮೇಲೆ ಹೊದೆಸಿದ್ದರು.

ನಿಂತಿದ್ದು ಯಾಕೆ ಅಂದರೆ ಮೆಂಬ್ರೇನ್. ಉಪ್ಪನ್ನು ತಡೆಯುವುದೇ ಅದು. ಗಂಟೆಗೆ 500 ಲೀಟರಿನ ಘಟಕಕ್ಕೆ ಎರಡು ಬೇಕು. ಕಟ್ಟಿಕೊಂಡಿತು, ಎರಡಕ್ಕೂ ಸೇರಿ 28 ಸಾವಿರ ಅಂದರು. ನಮ್ಮ ಲೆಕ್ಕ ನೋಡಿ. 20 ಲೀಟರಿಗೆ 5 ರೂಪಾಯಿ. ದಿನಕ್ಕೆ 60 ಕ್ಯಾನ್ ಹೋದರೆ ತಿಂಗಳಿಗೆ 9 ಸಾವಿರ. ನೋಡಿಕೊಳ್ಳುವವರ ಸಂಬಳ, ಕರೆಂಟು, ಫಿಲ್ಟರ್ ಕಳೆದರೆ ಕೈಯಲ್ಲಿ ಒಂದೂವರೆ ಸಾವಿರ. ಜೂನ್, ಜುಲೈನಲ್ಲಿ ಅದೂ ಇಲ್ಲ. ಕಂಪನಿಯನ್ನು ಕೇಳಿದರೆ, ಆ ಪ್ರಾಜೆಕ್ಟ್ ಕ್ಲೋಸ್ ಆಗಿದೆ ಅಂದರು. ಯಂತ್ರಕ್ಕೆ ದುಡ್ಡಿತ್ತು, ರಿಪೇರಿಗೆ ಇರಲಿಲ್ಲ.

2022ರಲ್ಲಿ ಬೇರೆ ಕಂಪನಿ ಕೇಳಿಕೊಂಡು ಬಂತು. ಈ ಸಲ ಹೂಂ ಅನ್ನುವ ಮೊದಲು ನಾನು ಹಳೆ ಘಟಕದ ಲೆಕ್ಕದ ವಹಿ ಹಿಡಿದು ಮನೆಮನೆ ಸುತ್ತಿದೆ. ಕಾರ್ಡ್ ತೆಗೆದುಕೊಂಡವರು 140 ಮನೆಯವರು, ನಮ್ಮ ವರದಿಯಲ್ಲೂ ಅದನ್ನೇ ದೊಡ್ಡದಾಗಿ ಬರೆದಿದ್ದೆವು. ಆದರೆ ನೀರು ಒಯ್ದವರು ಜಾಸ್ತಿ ರಸ್ತೆ ಬದಿಯ ತಾರಸಿ ಮನೆಯವರು, ಚಹಾದಂಗಡಿಯವರು. ಹಿಂದಿನ ಸಾಲಿನವರು ಬಂದೇ ಇರಲಿಲ್ಲ. ಅಲ್ಲಿ ಮೀನು ಮಾರುವ ಅಕ್ಕ ಒಬ್ಬರನ್ನು ಕೇಳಿದೆ.

"ನಿಮ್ಮ ಮಷಿನ್ ಬಾಗಿಲು ತೆಗೆಯೋದು ಎಂಟಕ್ಕೆ. ನಾನು ಐದಕ್ಕೇ ಬಂದರಿಗೆ ಹೋಗ್ತೇನೆ ತಮಾ" ಅಂದರು. ಆಮೇಲೆ ಒಳಗಿಂದ ಕ್ಯಾನ್ ತಂದು ನನ್ನ ಕೈಗೇ ಕೊಟ್ಟರು. "ಇದನ್ನ ತುಂಬ್ಕಂಡು ಈ ಹೊಯಿಗೆಯಲ್ಲಿ ನಡೆದು ತೋರಿಸು, ಕಾಂಬ."

ತುಂಬಿದ ಕ್ಯಾನ್ 20 ಕಿಲೋ. ಸುಮ್ನೆ ಹೇಳುವುದಲ್ಲ, ಮೂರು ಕಡೆ ಇಳಿಸಿದೆ. ಅವರ ಕಾರ್ಡ್ ದೇವರ ಫೋಟೋ ಹಿಂದೆ ಇತ್ತು, ಒಂದೂ ಸಲ ಉಜ್ಜಿರಲಿಲ್ಲ. ರೀಚಾರ್ಜಿಗೆ ಮಗನ ಫೋನ್ ಬೇಕು, ಮಗ ಬೋಟಿಗೆ ಹೋದರೆ ವಾರಗಟ್ಟಲೆ ಇಲ್ಲ.

ಇದನ್ನೆಲ್ಲ ಕಂಪನಿಯವರಿಗೆ ನಾವೇ ತೋರಿಸಬೇಕಿತ್ತು. ಹೊರಗಿನವರಿಂದ ಪರಿಣಾಮದ ಮೌಲ್ಯಮಾಪನ ಮಾಡಿಸುವುದು ಕಡ್ಡಾಯವಾಗುವುದು ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆ ಇರುವ ಕಂಪನಿಗೆ, ಅದೂ 1 ಕೋಟಿ ಅಥವಾ ಹೆಚ್ಚಿನ ಪ್ರಾಜೆಕ್ಟಿಗೆ. ನಮ್ಮದು ಕೆಲವು ಲಕ್ಷದ್ದು, ಯಾರು ನೋಡುತ್ತಾರೆ?

ಹಾಗಾಗಿ ಮೂರು ವಿಷಯಕ್ಕೆ ಪಟ್ಟು ಹಿಡಿದೆವು. ಟಚ್‌ಸ್ಕ್ರೀನ್ ಬೇಡ, ನಾಣ್ಯದ ಡಬ್ಬಿ ಸಾಕು. 2 ರೂಪಾಯಿ ಹಾಕಿದರೆ ಒಂದು ಕೊಡ, ಬೆಳಿಗ್ಗೆ ನಾಲ್ಕೂವರೆಗೇ ಬಾಗಿಲು ತೆಗೆಯಬೇಕು. ಇದಕ್ಕೆ ಬೇಗ ಒಪ್ಪಿದರು. ಎರಡನೆಯದು, ಉಳಿದ ದುಡ್ಡು ರಿಪೇರಿಗೆ. ಶುರುವಾದ ವರ್ಷ ಬಿಟ್ಟು ಮುಂದೆ ಮೂರು ವರ್ಷದವರೆಗೆ ನಡೆಯುವ ಪ್ರಾಜೆಕ್ಟ್ ಅಂತ ಬರೆಸಿದರೆ, ಖರ್ಚಾಗದ ಮೊತ್ತವನ್ನು ಕಂಪನಿ ಬೇರೆ ಖಾತೆಯಲ್ಲಿ ಇಟ್ಟುಕೊಳ್ಳಬಹುದು. 2021ರಿಂದ ನಿಯಮದಲ್ಲೇ ಇದೆ, ನಮಗೆ ಗೊತ್ತಿರಲಿಲ್ಲ ಅಷ್ಟೆ. ಮೂರನೆಯದಕ್ಕೆ ಸ್ವಲ್ಪ ಜಗ್ಗಾಟವಾಯಿತು. 2021ರ ತಿದ್ದುಪಡಿ ಪ್ರಕಾರ ಸಿಎಸ್‌ಆರ್ ದುಡ್ಡಲ್ಲಿ ಮಾಡಿದ ಆಸ್ತಿಯನ್ನು ಫಲಾನುಭವಿಗಳ ಸ್ವಸಹಾಯ ಸಂಘದ ಹೆಸರಿಗೂ ಮಾಡಬಹುದು. ಕೊನೆಗೆ ಹಿಂದಿನ ಸಾಲಿನ ಹೆಂಗಸರ ಸಂಘದ ಹೆಸರಿಗೇ ಆಯಿತು. ಕೀಲಿ ಈಗ ಅವರ ಹತ್ತಿರ, ನಮಗೆ ಬೇಕೆಂದರೂ ಕೇಳಿಯೇ ತೆಗೆದುಕೊಳ್ಳಬೇಕು.

ಯಂತ್ರ ಸೋಸಿ ಹೊರಗೆ ಬಿಡುವ ಉಪ್ಪು ನೀರು ಹಳೆ ಘಟಕದಲ್ಲಿ ಓಣಿಯಲ್ಲೇ ಹರಿದು ಪಾಚಿ ಕಟ್ಟುತ್ತಿತ್ತು. ಈಗ ಅದಕ್ಕೊಂದು ಟ್ಯಾಂಕ್ ಇಟ್ಟಿದ್ದೇವೆ, ಮೀನಿನ ಬುಟ್ಟಿ ತೊಳೆಯಲು ಒಯ್ಯುತ್ತಾರೆ. ಇದು ಸಂಘದವರದೇ ಐಡಿಯಾ.

ಸಿಮ್ ಮಾತ್ರ ಬಿಡಲಿಲ್ಲ, ಕಂಪನಿಗೆ ಅದು ಬೇಕೇ ಬೇಕಂತೆ. ಹಾಗಾಗಿ ಪ್ರತಿ ಜೂನ್‌ನಲ್ಲಿ ಒಂದು ಫೋನ್ ಬರುತ್ತದೆ. "ಸರ್, ಒಂದು ವಾರದಿಂದ ಸೊನ್ನೆ ಲೀಟರ್ ತೋರಿಸ್ತಿದೆ, ಮಷಿನ್ ಕೆಟ್ಟಿದೆಯಾ?" ಕೆಟ್ಟಿರುವುದಿಲ್ಲ. ಮಳೆ ಹಿಡಿದು ಬಾವಿ ನೀರು ಸಿಹಿಯಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿನ ಮೀನುಗಾರಿಕೆಗೆ ನಿಷೇಧ ಬೇರೆ, ಬೋಟೆಲ್ಲ ದಡದಲ್ಲಿ. ಮನೆ ಬಾಗಿಲಲ್ಲಿ ಬಾವಿ ತುಂಬಿರುವಾಗ 2 ರೂಪಾಯಿ ಯಾರು ಹಾಕುತ್ತಾರೆ? ಹೋದ ವರ್ಷ ನಾನು ಉತ್ತರ ಬರೆಯುವ ಗೋಜಿಗೆ ಹೋಗದೆ, ಕಟ್ಟೆಯವರೆಗೆ ತುಂಬಿದ ಬಾವಿಯ ಫೋಟೋ ತೆಗೆದು ಕಳಿಸಿದೆ. ವಾಪಸ್ಸು ಒಂದು ಹೆಬ್ಬೆರಳು ಬಂತು, ಮಾರನೇ ದಿನ ಮತ್ತೆ ಅದೇ ಪ್ರಶ್ನೆಯ ಈಮೇಲ್.