ಅಡುಗೆಮನೆ ಕಸದಿಂದ ಗೊಬ್ಬರ: ವಾಸನೆ ಬರದಂತೆ ಮಾಡುವುದು ಹೇಗೆ?

ಬೆಂಗಳೂರಿನ ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಗೊಬ್ಬರ ಮಾಡಲು ಶುರು ಮಾಡಿ, ಹದಿನೈದೇ ದಿನಕ್ಕೆ ನಾತ ತಡೆಯಲಾರದೆ ಕೈಬಿಟ್ಟರು. ನಾಲ್ಕೂ ಬಕೆಟ್ ಇಣುಕಿ ನೋಡಿದ್ದೇನೆ. ಎಲ್ಲದರಲ್ಲೂ ಒಂದೇ ತಪ್ಪು. ಹಸಿ ಕಸದ ಮೇಲೆ ಹಸಿ ಕಸ, ನಡುವೆ ಒಣಗಿದ್ದು ಏನೂ ಇಲ್ಲ. 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ನಗರದ ಕಸದ ಲಾರಿಗಳನ್ನು ತಡೆದದ್ದು ಇಂಥದ್ದೇ ಕೊಳೆತ ನಾತ ಸಹಿಸಿ ಸಾಕಾಗಿ, ನೆನಪಿದೆ ಅಲ್ವಾ?

ಮೊದಲು ಬಕೆಟ್. 20 ಲೀಟರಿನ ಹಳೇ ಪೇಂಟ್ ಬಕೆಟ್ ಎರಡು ಸಾಕು. ಸುತ್ತಲೂ, ತಳಕ್ಕೂ ತೂತು ಮಾಡಿ, ಕೆಳಗೊಂದು ತಟ್ಟೆ ಇಡಿ. ಮಳೆ ನೀರು ಬೀಳದ ಜಾಗವಿರಲಿ.

ತಳದಲ್ಲಿ ಎರಡು ಇಂಚು ಒಣ ಎಲೆ. ಅದರ ಮೇಲೆ ಒಂದು ಹಿಡಿ ಹಳೇ ಗೊಬ್ಬರ ಅಥವಾ ಸ್ವಲ್ಪ ಹುಳಿ ಮಜ್ಜಿಗೆ. ಅಂಗಡಿಯಲ್ಲಿ ಇದಕ್ಕೇ ಅಂತ ಮಾರುವ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ.

ಎಡವುವುದು ದಿನಾ ಕಸ ಹಾಕುವಾಗ. ತರಕಾರಿ ಸಿಪ್ಪೆ ಸಣ್ಣಗೆ ಹೆಚ್ಚಿ. ಉಳಿದ ಸಾರು, ಹುಳಿ ಹಾಕುವುದಾದರೆ ನೀರು ಪೂರ್ತಿ ಬಸಿದು ಬರೀ ಹೋಳು ಹಾಕಿ. ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಬೀಳಲೇಬೇಕು, ಕಲ್ಲಂಗಡಿ ಸಿಪ್ಪೆ ಇದ್ದ ದಿನ ಇನ್ನೂ ಅರ್ಧ ಬಟ್ಟಲು ಜಾಸ್ತಿ. ನನ್ನ ಕೇಳಿದರೆ ಒಣ ಎಲೆಯೇ ಸರಿ, ಗಾಳಿ ಚೆನ್ನಾಗಿ ಆಡುತ್ತದೆ. ಬೀದಿ ಗುಡಿಸಿದ ಎಲೆಗೆ ಬೆಂಕಿ ಹಾಕುವ ಬದಲು ಒಂದು ಚೀಲ ತುಂಬಿಟ್ಟುಕೊಳ್ಳಿ. ಪ್ಲೈವುಡ್ ಕೊಯ್ದ ಹೊಟ್ಟು ಮಾತ್ರ ಬೇಡ, ಅದರಲ್ಲಿ ಅಂಟು ಇರುತ್ತದೆ.

ಹದ ಗೊತ್ತಾಗಬೇಕಾದರೆ ಕೈ ಹಾಕಲೇಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ ಸರಿಯಾಗಿದೆ. ನೀರು ಇಳಿದರೆ ಒಣ ಎಲೆ ಬೆರೆಸಿ ತಳದಿಂದ ಮೇಲಕ್ಕೆ ಕೆದಕಿ. ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ. ವಾರಕ್ಕೆ ಎರಡು ಸಲ ಕೆದಕುವುದನ್ನು ತಪ್ಪಿಸಬೇಡಿ. ಹುಳ ಕಂಡರೆ ಗಾಬರಿಯಾಗಿ ಔಷಧಿ ಹೊಡೆಯಬೇಡಿ, ಅವು ಕಸವನ್ನೇ ತಿನ್ನುತ್ತವೆ. ತೀರಾ ಜಾಸ್ತಿಯಾದರೆ ತೇವ ಹೆಚ್ಚಾಗಿದೆ ಅಂತ ಅರ್ಥ.

'ಬಯೋಡಿಗ್ರೇಡಬಲ್' ಅಂತ ಬರೆದ ಕವರ್ ಒಳಗೆ ಹಾಕಲೇಬೇಡಿ. ನನ್ನ ಬಕೆಟ್ಟಿನಲ್ಲಿ ನಾಲ್ಕು ತಿಂಗಳಾದರೂ ಹಾಗೇ ಇತ್ತು. ಸೇಬಿನ ಮೇಲಿನ ಸ್ಟಿಕ್ಕರ್ ಕೂಡ ಕಿತ್ತು ಬಿಸಾಡಿ, ಸಿದ್ಧವಾದ ಗೊಬ್ಬರದಲ್ಲಿ ಅವನ್ನು ಉಗುರಲ್ಲಿ ಆರಿಸಿ ಸಾಕಾಗಿದೆ.

ಬಕೆಟ್ ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದಕ್ಕೆ ಕಸ ಹಾಕಲು ಶುರು ಮಾಡಿ. ಮೊದಲನೆಯದನ್ನು ಮಧ್ಯೆ ಮಧ್ಯೆ ಕೆದಕುತ್ತಿದ್ದರೆ ಎರಡು ತಿಂಗಳ ಹೊತ್ತಿಗೆ ಕಪ್ಪಗಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಜರಡಿ ಹಿಡಿದು ಗಿಡಕ್ಕೆ ಹಾಕಿ. ಜರಡಿಯಲ್ಲಿ ಉಳಿದ ದಪ್ಪ ಚೂರುಗಳನ್ನು ಎಸೆಯಬೇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಅವನ್ನೇ ಮುಂದಿನ ಬಕೆಟ್ಟಿಗೆ ಹಾಕಿ.