ಬ್ರಾಕೆಟ್ಟಿನೊಳಗಿನ ಮಾತು

ನಾನು ಹೊಸನಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಾಟಕದ ಪಾಠ ಬಂದಾಗಲೆಲ್ಲ ನನಗೆ ಒಂದು ಸಂಕಟ. ಮಕ್ಕಳು ಮಾತುಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಬ್ರಾಕೆಟ್ಟಿನಲ್ಲಿ ಇರುವುದನ್ನು ಹಾರಿಸಿಬಿಡುತ್ತಿದ್ದರು. 'ಸ್ವಲ್ಪ ತಡೆದು', 'ಮುಖ ತಿರುಗಿಸಿ' ಎಂದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಪರೀಕ್ಷೆಗೆ ಬರುವುದಿಲ್ಲ, ಅಲ್ವಾ?

ಹಾಗಾಗಿ ಒಂಬತ್ತನೇ ತರಗತಿಯವರನ್ನು ಸಾಗರದ ಹತ್ತಿರದ ಹೆಗ್ಗೋಡಿಗೆ ಕರೆದುಕೊಂಡು ಹೋದೆ. ಅಲ್ಲಿ 1949ರಲ್ಲಿ ಶುರುವಾದ ನೀನಾಸಮ್ ಎಂಬ ನಾಟಕ ಸಂಸ್ಥೆ ಇದೆ. 1985ರಲ್ಲಿ ಹುಟ್ಟಿದ ಅವರ ತಿರುಗಾಟ ತಂಡ ಮಳೆಗಾಲ ಕಳೆದ ಮೇಲೆ ನಾಟಕ ಹೊತ್ತು ಊರೂರು ಸುತ್ತುತ್ತದೆ. ಅದಕ್ಕೂ ಮೊದಲು ಹೆಗ್ಗೋಡಿನಲ್ಲೇ ಆಡುತ್ತದೆ. ಇಂಥ ಜಾಗ ನಮ್ಮ ಮಗ್ಗುಲಲ್ಲೇ ಇರುವುದು ನಮ್ಮ ಮಕ್ಕಳ ಪುಣ್ಯ.

ಮೊದಲ ವರ್ಷ ತಪ್ಪು ಮಾಡಿದೆ. ಬಸ್ಸಿನಲ್ಲೇ ಪೂರ್ತಿ ಕತೆ ಹೇಳಿ, ಅದರ ನೀತಿಯನ್ನೂ ಹೇಳಿದೆ. ಮರುದಿನ ಪ್ರಬಂಧ ಬರೆಸಿದರೆ ಎಲ್ಲರ ಹಾಳೆಯಲ್ಲೂ ನನ್ನ ಮಾತೇ ಇತ್ತು. ನಾಟಕ ಯಾರೂ ನೋಡಿರಲಿಲ್ಲ. ನಾನೇ ನೋಡಲು ಬಿಟ್ಟಿರಲಿಲ್ಲ.

ಮರುವರ್ಷ ಕತೆ ಹೇಳಲಿಲ್ಲ. ಒಂದೇ ಕೆಲಸ ಕೊಟ್ಟೆ: 'ಮಾತಾಡದೆ ನಿಂತವರನ್ನು ನೋಡಿ.'

ನಮ್ಮ ಮಕ್ಕಳಿಗೆ ಯಕ್ಷಗಾನ ಚೆನ್ನಾಗಿ ಗೊತ್ತು. ಅಲ್ಲಿ ಭಾಗವತರು ಎದುರಿಗೇ ಕೂತಿರುತ್ತಾರೆ, ಕತೆ ಮೊದಲೇ ಗೊತ್ತಿರುತ್ತದೆ, ನಡುವೆ ಎದ್ದು ಚಾ ಕುಡಿದು ಬಂದರೂ ನಡೆಯುತ್ತದೆ. ಇಲ್ಲಿ ದೀಪ ಆರಿದಾಗ ಸ್ವಲ್ಪ ಹೊತ್ತು ಪಿಸುಪಿಸು ಇತ್ತು. ಆಮೇಲೆ ತಾನಾಗಿ ನಿಂತಿತು. ನಾನು ಗದರಲೇ ಇಲ್ಲ.

ಮರುದಿನ ಕ್ಲಾಸಿನಲ್ಲಿ, ಅಷ್ಟಾಗಿ ಬಾಯಿ ಬಿಡದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಮಗ ಬೈತಾ ಇದ್ದಾಗ ಅಮ್ಮ ಲೋಟ ಒರೆಸ್ತಾನೇ ಇದ್ರು. ಅದು ಒಣಗಿ ಎಷ್ಟೋ ಹೊತ್ತಾಗಿತ್ತು." ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಇನ್ನೊಬ್ಬ, ಬೆಳಕಿನ ಬಣ್ಣ ಬದಲಾಗಿದ್ದರಿಂದಲೇ ಸಂಜೆಯಾಯಿತು ಎಂದು ಗೊತ್ತಾಯಿತು ಅಂದ.

ಬಸ್ಸಿನ ಖರ್ಚು, ಮನೆಯವರ ಒಪ್ಪಿಗೆ, ರಾತ್ರಿ ತಡವಾಗಿ ವಾಪಸ್ ಬರುವುದು, ಇವೆಲ್ಲ ಹೇಗೋ ಆಗುತ್ತವೆ. ಹೆಗ್ಗೋಡು ದೂರವಾದರೆ ಶಿವಮೊಗ್ಗದ ಕುವೆಂಪು ರಂಗಮಂದಿರ ಇದೆ. ಆದರೆ ನಾಟಕವನ್ನು ಮೊಬೈಲಿನಲ್ಲಿ ತೋರಿಸಿ ಸುಮ್ನಾಗಬೇಡಿ. ಕ್ಯಾಮೆರಾ ಮಾತಾಡುವವರ ಮುಖವನ್ನೇ ಜಾಸ್ತಿ ತೋರಿಸುತ್ತದೆ. ಆ ಲೋಟ ಕಾಣದೇ ಹೋಗಬಹುದು.

ಆ ವಾರ ಪಠ್ಯದ ನಾಟಕವನ್ನು ಮತ್ತೆ ಓದಿಸಿದೆ. 'ಸ್ವಲ್ಪ ತಡೆದು' ಬಂದ ಕೂಡಲೇ ಓದುತ್ತಿದ್ದ ಹುಡುಗ ನಿಂತುಬಿಟ್ಟ. ಕ್ಲಾಸೂ ಕಾಯಿತು. "ಸಾಕು, ಜಾಸ್ತಿ ಆಯ್ತು" ಎಂದ ಹಿಂದಿನ ಬೆಂಚಿನವನು. ಎಷ್ಟು ಹೊತ್ತು ತಡೆಯಬೇಕು ಎಂದು ಜಗಳವೇ ಶುರುವಾಯಿತು. ಒಂದೊಂದಾಗಿ ಎಣಿಸಿ ನೋಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಲೋಟ ನೋಡಿದ್ದ ಹುಡುಗಿಯೇ ಹೇಳಿದಳು: "ಎರಡು ಎಣಿಸಿದ್ರೆ ಅವನಿಗೆ ಹೆದರಿಕೆ ಅನ್ಸತ್ತೆ. ಐದು ಎಣಿಸಿದ್ರೆ ಸಿಟ್ಟು."